ನಮ್ಮ ಕಿಟಕಿಯ ಫಿದಾಯೀನ್

ಸುದ್ದಿ ಬಂದಾಗ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಮಳೆ ಹಿಡಿದಿತ್ತು. ಪಕ್ಕದ ಮನೆಯ ಕಾಕಾ ದುಡಿಯುತ್ತಿದ್ದ ಪ್ರೆಸ್ಸಿನಲ್ಲಿ ಮಷಿನ್ ನಡೆಸುವವರೊಬ್ಬರು ಛತ್ರಿಯನ್ನು ಗ್ಯಾಲರಿಯ ಕಟಾಂಜನಕ್ಕೆ ಸಿಕ್ಕಿಸಿ, ಬಾಗಿಲ ಹೊರಗೇ ನಿಂತು, "ಬಹನ್‌ಜೀ, ಚಾಚಾ ಗುಜರ್ ಗಯೇ" ಅಂದರು. ಬೆಳಗಿನ ಜಾವ, ಪರೇಲಿನ ಆಸ್ಪತ್ರೆಯಲ್ಲಿ, ನಿದ್ದೆಯಲ್ಲಿಯೇ ಹೋದರಂತೆ. ನನ್ನ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಮುಖಕ್ಕಿಂತ ಮೊದಲು ಕಣ್ಣ ಮುಂದೆ ಬಂದದ್ದು ಅವರ ಎಡಗೈ ಹೆಬ್ಬೆರಳಿನ ಉಗುರು.

ಆ ಉಗುರು ಸದಾ ಕರ್ರಗೆ ಇರುತ್ತಿತ್ತು. ಬರೆಯುವ ಮೊದಲು ಬಿದಿರಿನ ಲೇಖನಿಯ ತುದಿಯನ್ನು ಮಸಿಗದ್ದಿ, ಆ ಉಗುರಿನ ಮೇಲೆ ಒತ್ತಿ, ಕೊಯ್ತ ಸರಿಯಾಗಿದೆಯೋ ಇಲ್ಲವೋ ನೋಡುತ್ತಿದ್ದರು. ನಲವತ್ತು ವರ್ಷ ಹಾಗೆ ನೋಡಿ ನೋಡಿ ಮಸಿ ಉಗುರಿನೊಳಗೇ ಇಳಿದಿತ್ತು. ನನ್ನ ಮಗಳು ಸಣ್ಣವಳಿದ್ದಾಗ ಅದನ್ನು ಸಾಬೂನು ಹಚ್ಚಿ ತಿಕ್ಕಿ ತೊಳೆಯಲು ಹೋಗಿ ಸೋತು, "ಕಾಕಾಗ ಇದು ಹುಟ್ಟಿದಾಗಿಂದ ಐತಿ" ಎಂದು ತೀರ್ಪು ಕೊಟ್ಟಿದ್ದಳು.

ಅವರು ಉರ್ದು ಪತ್ರಿಕೆಯೊಂದರ ಕಾತಿಬರು, ಅಂದರೆ ಬರೆಯುವವರು. ಆಗಿನ ಉರ್ದು ಪತ್ರಿಕೆಗಳಿಗೆ ಸೀಸದ ಅಚ್ಚುಮೊಳೆ ಇರಲಿಲ್ಲ. ಹಳದಿ ಲೇಪದ ಕಾಗದದ ಮೇಲೆ ಒಂದೊಂದು ಸಾಲನ್ನೂ ಕೈಯಿಂದ ಬರೆದು, ಅದನ್ನೇ ಯಂತ್ರಕ್ಕೆ ಇಳಿಸುತ್ತಿದ್ದರು. ಸಣ್ಣ ಅಕ್ಷರ ಬರೆಯಲು ಬೇರೆ ನಾಲ್ವರಿದ್ದರು. ದಪ್ಪ ತಲೆಬರಹ ಬರೆಯುವ ಕೈ ಮಾತ್ರ ಇವರದು.

ಬೈಕುಲ್ಲಾದ ನಮ್ಮ ಚಾಳಿನ ಮೂರನೇ ಮಾಳಿಗೆಯಲ್ಲಿ ನಮ್ಮ ಖೋಲಿಗೆ ಅಂಟಿದ್ದೇ ಅವರ ಖೋಲಿ. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ನಾನು ಮದುವೆಯಾಗಿ ಬಂದ ಮೊದಲ ವಾರ, ನೀರಿನ ಸಾಲಿನಲ್ಲಿ ನನ್ನ ಕೊಡ ಹಿಂದೆ ತಳ್ಳಿದವರಿಗೆ ಏನು ಹೇಳಬೇಕೆಂದು ಗೊತ್ತಾಗದೆ ಕಣ್ಣೀರು ತುಂಬಿಕೊಂಡು ನಿಂತಿದ್ದೆ. ನನಗೆ ಹಿಂದಿ ಬಾರದು, ಮರಾಠಿ ಅರ್ಧಂಬರ್ಧ. ಹಿಂದಿನಿಂದ ಒಂದು ದನಿ ಬಂತು: "ಅಳಬ್ಯಾಡ ತಂಗಿ. ಕೊಡ ಹಿಡಿ. ಇಲ್ಲಿ ನೀರ ಕಡಿಮಿ, ಬಾಯಿ ಜಾಸ್ತಿ." ತಿರುಗಿ ನೋಡಿದರೆ ಬಿಳಿ ಗಡ್ಡ, ಚೌಕಡಿ ಲುಂಗಿ. ವಿಜಾಪುರದ ಮಾತು ಆ ಬಾಯಿಯಿಂದ ಕೇಳಿ ನನಗೆ ಇನ್ನಷ್ಟು ಅಳು ಬಂತು. ಅವರೂ ನಮ್ಮ ಕಡೆಯವರೇ. ಅಂದಿನಿಂದ ಅವರು ನನಗೆ ಕಾಕಾ. ಶಿವ ನನಗೆ ಮುಂಬಯಿಯಲ್ಲಿ ಕೊಟ್ಟ ಮೊದಲ ಕೃಪೆ ಇದು ಎಂದು ಈಗಲೂ ಅಂದುಕೊಳ್ಳುತ್ತೇನೆ. ಎರಡನೆಯದು, ಆ ದಿನ ಕೊಡ ತುಂಬಿದ್ದು.

ರಜೆಯ ದಿನ ಗ್ಯಾಲರಿಯಲ್ಲಿ ಕುಳಿತು ಮದುವೆ ಕಾಗದ ಬರೆದುಕೊಡುತ್ತಿದ್ದರು. ಒಂದು ಮೊಣಕಾಲು ಮೇಲೆತ್ತಿ, ಅದರ ಮೇಲೆ ಹಲಗೆ ಇಟ್ಟು, ಉಸಿರು ಹಿಡಿದು ಗೆರೆ ಎಳೆಯುವರು. ಗೆರೆ ಮುಗಿದ ಮೇಲೆಯೇ ಉಸಿರು ಬಿಡುವುದು. ನಾನು ಅಲ್ಲಿಯೇ ಕುಳಿತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. "ಅಕ್ಷರ ಕುಂದ್ರಬೇಕವಾ, ನಿಂದ್ರಬಾರದು" ಎನ್ನುತ್ತಿದ್ದರು. "ನಿಂತ ಅಕ್ಷರಕ್ಕ ಹೋಗೂ ಅವಸರ ಇರತದ." ಅವಸರವೆಂದರೆ ಅವರಿಗೆ ಆಗದು. ಮರುದಿನಕ್ಕೆ ಎದ್ದು ಹೋಗುವ ಸುದ್ದಿಗಳನ್ನು ದಿನವಿಡೀ ಬರೆಯುವವರು, ಬರೆಯುವಾಗ ಮಾತ್ರ ಎಂದೂ ಏಳುತ್ತಿರಲಿಲ್ಲ.

ಸಂಪಾದಕರು ತಲೆಬರಹ ಬದಲಿಸಿದರೆ, ಬರೆದದ್ದು ಕೆಟ್ಟ ಕಾಗದವಾಗುತ್ತಿತ್ತು. ಅಂಥವನ್ನು ಸುರುಳಿ ಸುತ್ತಿ ನನಗೆ ತಂದುಕೊಡುತ್ತಿದ್ದರು. ಗಟ್ಟಿ ಕಾಗದ, ಮಗಳ ಪುಸ್ತಕಗಳಿಗೆ ಹೊದಿಕೆ, ಅಡುಗೆ ಡಬ್ಬಿ ಇಡುವ ಗೋಡೆಯ ಮಾಡಕ್ಕೆ ಹಾಸು. ಆದರೆ ಕೊಡುವ ಮೊದಲು ಹಾಳೆಹಾಳೆಯನ್ನೂ ಓದಿ, ದೇವರ ಹೆಸರೋ ಪೈಗಂಬರರ ಹೆಸರೋ ಇದ್ದ ಕಡೆ ಕತ್ತರಿಯಿಂದ ಕತ್ತರಿಸಿ ತೆಗೆದು, ಹಳೆಯ ಬಿಸ್ಕೀಟಿನ ಡಬ್ಬಿಗೆ ಹಾಕುತ್ತಿದ್ದರು. ಡಬ್ಬಿ ತುಂಬಿದಾಗ ಸಮುದ್ರಕ್ಕೆ ಹೋಗಿ ಬಿಟ್ಟು ಬರುವುದು. ನನಗೂ ಹರಿದ ಪಂಚಾಂಗ, ಈಶ್ವರ ಪಾರ್ವತಿಯರ ಹಳೆಯ ಕ್ಯಾಲೆಂಡರು ಎಲ್ಲಿ ಹಾಕುವುದೆಂದು ಚಿಂತೆಯಿತ್ತು. ಒಮ್ಮೆ ಕೇಳಿದೆ.

"ಕಾಕಾ, ನಮ್ಮ ದೇವರನ್ನೂ ನಿಮ್ಮ ಡಬ್ಬ್ಯಾಗ ಹಾಕ್ಲ್ಯಾ?"

"ಹಾಕವಾ. ಬಸ್ಸಿನ ತಿಕೀಟ ಒಂದ ಆಗತದ."

ಮಾಡಕ್ಕೆ ಹಾಸುವಾಗಲೂ ಅವರದೊಂದು ಕರಾರಿತ್ತು. "ಅಕ್ಷರ ಕೆಳಗ ಮಾಡಿ ಹಾಸು. ಖಾರದ ಡಬ್ಬಿ ಅಕ್ಷರದ ಮ್ಯಾಲ ಕುಂದ್ರಬಾರದು." ಇದನ್ನು ನನಗೆ ಹೇಳಬೇಕಿರಲಿಲ್ಲ. ಓದು ಬರಹ ಬಲ್ಲವರು ಕಡಿಮೆ ಇದ್ದ ಮನೆಯಲ್ಲಿ ಹುಟ್ಟಿದವಳು ನಾನು. ಅಕ್ಷರಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಂಡು, ಪುಸ್ತಕವನ್ನು ಒಲೆಯ ಹೊಗೆಗೆ ಮುಖ ಮಾಡಿ ಇಡದೆ ಬೆಳೆದವಳು. ಅಕ್ಷರ ಯಾವುದಾದರೇನು, ಹೊಗೆ ಅದೇ.

ಹೀಗೆ ಬರುತ್ತಿದ್ದ ಹಾಳೆಗಳಲ್ಲಿ ಒಂದು ಶಬ್ದ ಮತ್ತೆ ಮತ್ತೆ ಬರತೊಡಗಿತು. ಓದಲು ಬಾರದ ನನಗೂ ಅದರ ಗುರುತು ಸಿಕ್ಕಿತು. ಬಲಗಡೆಯಿಂದ ಮೊದಲು, ತಲೆಯ ಮೇಲೆ ಚುಕ್ಕೆ ಇಟ್ಟುಕೊಂಡ ಪುಟ್ಟ ಸುತ್ತು, ಮಧ್ಯೆ ನೆಟ್ಟ ಒಂದು ಕಡ್ಡಿ, ಕೊನೆಗೆ ಹೊಟ್ಟೆಯಲ್ಲಿ ಚುಕ್ಕೆ ಹಾಕಿಕೊಂಡ ಒಂದು ದೊಡ್ಡ ಬಟ್ಟಲು.

"ಇದು ಯಾರ ಹೆಸರು ಕಾಕಾ? ಭಾಳ ಬರ್ತೈತಲ್ಲ."

ಅವರು ನಕ್ಕರು. "ಹೆಸರಲ್ಲ. ಫಿದಾಯೀನ್. ಅರಬರ ಶಬ್ದ. ಅಲ್ಲಿ ಒಂದು ದೇಶದಾಗ ಮಂದಿ ಮನಿ ಕಳಕೊಂಡಾರ. ಗುಡ್ಡದಾಗ ಅಡಗಿ, ಬಂದೂಕು ಹಿಡದು, ಥಟ್ಟನೆ ಬಂದು ಹೊಡದು ಓಡಿಹೋಗಾವರು. ಅವರಿಗೆ ಹಿಂಗ ಅಂತಾರ. ಒಬ್ಬ ಇದ್ರ ಫಿದಾಯೀ, ಮಂದಿ ಇದ್ರ ಫಿದಾಯೀನ್. ನಮ್ಮ ಪೇಪರ್‌ನಾಗ ಹಿಂಗ ಬರೀತಾರ. ಇಂಗ್ಲಿಷ್ ಪೇಪರ್‌ನಾಗ ಗೆರಿಲ್ಲಾ ಅಂತಾರ. ಬ್ಯಾರೆ ಪೇಪರ್‌ನಾಗ ಕೊಲೆಗಡುಕರು ಅಂತಾರ. ಪೇಪರ್ ಬದಲಾದಂಗ ಅವರ ಹೆಸರು ಬದಲಿ."

"ಹಂಗಾದ್ರ ಫಿದಾಯೀ ಅಂದ್ರ ಬಂದೂಕಿನಾಂವ?"

"ಅಲ್ಲೇ ಅಲ್ಲ. ಶಬ್ದದಾಗ ಬಂದೂಕ ಇಲ್ಲ." ಲೇಖನಿ ಕೆಳಗಿಟ್ಟರು. ಅದು ದೊಡ್ಡ ಮಾತಿನ ಲಕ್ಷಣ. "ಸೆರಿಮನ್ಯಾಗ ಒಬ್ಬನ್ನ ಹಿಡದಿಟ್ಟಾರ ಅಂತ ತಿಳಿ. ಅವನ್ನ ಬಿಡಸಾಕ ಕೊಡೂದೈತಲ್ಲ, ಅದು ಫಿದಾ. ರೊಕ್ಕ ಕೊಡು, ಎತ್ತು ಕೊಡು, ಏನರೆ ಕೊಡು. ಏನೂ ಇಲ್ಲದಾಂವ ತನ್ನನ್ನ ಕೊಡತಾನ, 'ಅವನ್ನ ಬಿಡ್ರಿ, ನನ್ನ ಹಿಡ್ಕೋರಿ' ಅಂತ. ಅವ ಫಿದಾಯೀ."

ಅವರ ಅಜ್ಜ ನಿಜಾಮರ ಸೀಮೆಯಲ್ಲಿ ಅರ್ಜಿ ಬರೆದುಕೊಡುತ್ತಿದ್ದರಂತೆ. ಪ್ರತಿ ಅರ್ಜಿಯ ಕೊನೆಗೆ, ಸಹಿಗಿಂತ ಮೊದಲು, "ಫಿದ್ವಿ" ಎಂದು ಬರೆಯಬೇಕಿತ್ತಂತೆ, ಅಂದರೆ ನಿಮಗಾಗಿ ತನ್ನನ್ನು ಕೊಟ್ಟುಕೊಂಡ ಬಡವ. "ಎಮ್ಮಿ ಕಳುವಾಗೇದ ಅಂತ ಅರ್ಜಿ, ಕೊನಿಗೆ ಫಿದ್ವಿ" ಎಂದು ನಗುತ್ತಿದ್ದರು. ಕೆಳಗಿನ ಮಾಳಿಗೆಯ ಹುಡುಗಿಯರು ಸಿನಿಮಾ ನಟನ ಮೇಲೆ ಫಿದಾ ಆಗುವುದೂ ಅದೇ ಬೇರಂತೆ. "ಒಂದ ಬೇರು ತಂಗಿ. ಅರ್ಜಿದಾರ, ಪ್ರೀತಿ ಮಾಡಾಂವ, ಬಂದೂಕಿನಾಂವ, ಎಲ್ಲಾರೂ ಅದರದ ಟೊಂಗಿ ಹಿಡದು ಕುಂತಾರ. ನಾನೂ ಕುಂತೀನಿ."

"ನೀವು ಯಾವ ಟೊಂಗಿ?"

ಅವರಿಗೆ ಸಕ್ಕರೆ ಕಾಯಿಲೆ. ರಮಜಾನಿನ ಉಪವಾಸ ಹಿಡಿಯಲೇಬಾರದೆಂದು ಡಾಕ್ಟರು ಗದರಿದ್ದರು. ಹಿಡಿಯಲಾರದವರು ಒಂದೊಂದು ಉಪವಾಸಕ್ಕೆ ಬದಲಾಗಿ ಒಬ್ಬ ಬಡವರಿಗೆ ಊಟ ಹಾಕಬೇಕು. ಅದಕ್ಕೆ ಫಿದ್ಯಾ ಎನ್ನುತ್ತಾರೆ, ಅದೂ ಅದೇ ಬೇರು. ಕಾಕಾನ ಟೊಂಗೆ ಅದು. ಜಿನೆಯ ಕೊನೆಯ ಮೆಟ್ಟಿಲ ಬುಡದಲ್ಲಿ ಕೂರುತ್ತಿದ್ದ ಕಾಗದ ಆಯುವ ಮುದುಕಿಗೆ ಕಾಕಾ ದಿನಾ ಖಿಚಡಿ ಮಾಡಿ ಕೊಡುತ್ತಿದ್ದರು. ಅಕ್ಷರ ಕುಳ್ಳಿರಿಸಲು ಬಲ್ಲ ಕೈಗೆ ಖಿಚಡಿ ಮಾತ್ರ ಒಲಿದಿರಲಿಲ್ಲ. ಮುದುಕಿ ಒಂದು ದಿನ ನನ್ನ ಹತ್ತಿರ ಬಂದು, "ಬಾಯೀ, ಉಪವಾಸ ಅವರು ಹಿಡಿಯೋದಿಲ್ಲ, ಅವರ ಖಿಚಡಿ ತಿಂದು ನಾನೇ ಹಿಡಿಯೋ ಹಾಗಾಗಿದೆ" ಎಂದು ಮರಾಠಿಯಲ್ಲಿ ದೂರಿದಳು. ಅಂದಿನಿಂದ ರಮಜಾನು ಬಂದರೆ ಮೂವತ್ತು ದಿನದ ಫಿದ್ಯಾ ರೊಟ್ಟಿ ನನ್ನದು, ಜೋಳ ಕಾಕಾನದು. ರೊಟ್ಟಿ ಬಡಿಯಲು ಕುಳಿತರೆ ನನಗೆ ನಗು ಬರುತ್ತಿತ್ತು. ಅಷ್ಟು ದೊಡ್ಡ ತಲೆಬರಹದ ಶಬ್ದ ಬಂದು ನನ್ನ ಒಲೆಯ ಮುಂದೆ ಕೂತಿತ್ತಲ್ಲ.

ಒಮ್ಮೆ ಕೇಳಿದ್ದೆ, "ಹಂಗಾದ್ರ ಆ ಬಂದೂಕಿನವರು ಖರೇ ಫಿದಾಯೀನ್ ಹೌದೋ ಅಲ್ಲೋ?"

ಕಾಕಾ ಗಡ್ಡ ಕೆರೆದುಕೊಂಡರು. "ನಾ ಬರಿಯಾಂವ ತಂಗಿ, ನ್ಯಾಯ ಹೇಳಾಂವ ಅಲ್ಲ. ಆದ್ರ ಇಷ್ಟು ಅನಸ್ತದ. ಈ ಹೆಸರು ತಾನ ಇಟ್ಕೊಂಡ್ರ ನಿಂದ್ರತದ. ಮತ್ತೊಬ್ಬರು ಇಟ್ರ ಕುಂದ್ರತದ."

ಎಪ್ಪತ್ತೊಂದರ ಡಿಸೆಂಬರ್. ಪಾಕಿಸ್ತಾನದ ಜೊತೆ ಯುದ್ಧ ಶುರುವಾಗಿ, ಮುಂಬಯಿಯಲ್ಲಿ ದೀಪ ಹೊರಗೆ ಕಾಣಬಾರದೆಂದು ಹುಕುಂ ಆಯಿತು. ಕಿಟಕಿಗಳಿಗೆಲ್ಲ ಕಾಗದ ಹಚ್ಚಬೇಕು. ಎರಡೇ ದಿನಕ್ಕೆ ಅಂಗಡಿಗಳಲ್ಲಿ ಕಪ್ಪು ಕಾಗದ ಮುಗಿಯಿತು. ನನಗೇನು ಚಿಂತೆ, ಮಂಚದ ಕೆಳಗೆ ಕಾಕಾನ ಸುರುಳಿ ಇತ್ತು. ಮೈದಾ ಅಂಟು ಕಾಯಿಸಿ, ಒಳಗೆ ಎರಡು ಪದರು ಬರೀ ಹಾಳೆ, ಹೊರಗೊಂದು ಪದರು ದೊಡ್ಡ ಹಾಳೆ ಹಚ್ಚಿದೆ. ಕಿಟಕಿಯ ಕೆಳಗೇ ನನ್ನ ಒಲೆ. ಅಕ್ಷರಕ್ಕೆ ಹೊಗೆ ತಾಗಬಾರದೆಂದು, ಮಾಡದಲ್ಲಿ ಮಾಡಿದ ಹಾಗೆಯೇ, ಅಕ್ಷರ ಆಚೆ ಮುಖ ಮಾಡಿದೆ. ಎಷ್ಟು ಅಚ್ಚುಕಟ್ಟಾಯಿತೆಂದು ನನಗೇ ಹೆಮ್ಮೆ. ಆಚೆ ಮುಖ ಅಂದರೆ ರಸ್ತೆಯ ಕಡೆ ಮುಖ ಎಂಬುದು ಹೊಳೆಯಲೇ ಇಲ್ಲ.

ರಸ್ತೆಯ ಆಚೆಯ ಬಿಲ್ಡಿಂಗಿನಲ್ಲಿ ಒಬ್ಬರು ಪಂಜಾಬಿ ಹಿರಿಯರಿದ್ದರು. ದೇಶ ಒಡೆದಾಗ ಲಾಹೋರಿನಿಂದ ಉಟ್ಟ ಬಟ್ಟೆಯಲ್ಲಿ ಬಂದವರು. ನಮ್ಮ ಗಲ್ಲಿಗೆ ದೀಪ ನೋಡಿಕೊಳ್ಳುವ ವಾರ್ಡನ್ ಅವರೇ. ಬೆಳಿಗ್ಗೆ ಎದ್ದು ಎದುರಿನ ಕಿಟಕಿ ನೋಡಿದರೆ, ಮೊಳದುದ್ದ ಉರ್ದು ಅಕ್ಷರದಲ್ಲಿ ಫಿದಾಯೀನ್. ಯುದ್ಧದ ಹೊತ್ತು. ಅವರು ನೇರವಾಗಿ ಪೊಲೀಸ್ ಚೌಕಿಗೆ ಹೋದರು.

ಹವಲ್ದಾರ ಬಂದಾಗ ನಾನು ಕೆಳಗೆ ನಲ್ಲಿಯ ಹತ್ತಿರ ಇದ್ದೆ. ಕೊಡ ಹೊತ್ತು ಮೇಲೆ ಬರುವಷ್ಟರಲ್ಲಿ ಗ್ಯಾಲರಿ ತುಂಬ ಜನ, ಕಾಕಾನ ಬಾಗಿಲಿಗೆ ಕೀಲಿ. ಎದುರು ಖೋಲಿಯ ಮಾವಶಿ ಎದೆ ಹಿಡಿದುಕೊಂಡು ಹೇಳಿದರು: ಹವಲ್ದಾರ ಬಂದು ಇದು ಯಾರು ಬರೆದದ್ದು, ಯಾರು ಹಚ್ಚಿದ್ದು ಎಂದು ಕೇಳಿದ. ಕಾಕಾ ಹೊರಗೆ ಬಂದು, ಬಗ್ಗಿ ನಮ್ಮ ಕಿಟಕಿ ನೋಡಿ, "ಬರೆದದ್ದೂ ನಾನೇ, ಹಚ್ಚಿದ್ದೂ ನಾನೇ. ಆ ಮನೆಯ ಹೆಂಗಸಿಗೆ ಓದಲು ಬರುವುದಿಲ್ಲ, ಏನೂ ಗೊತ್ತಿಲ್ಲ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟರು.

"ಲಢಾಯಿ ದಿನ, ಮುಸಲ್ಮಾನ ಬೇರೆ. ಇನ್ನು ಬಿಡೋದಿಲ್ಲ ಅವರನ್ನ" ಅಂದರು ಮಾವಶಿ. "ನೀನು ಸುಮ್ಮನೆ ಒಳಗೆ ಹೋಗು. ಅವರೇ ಒಪ್ಪಿಕೊಂಡಾರಲ್ಲ."

ನಮ್ಮವರು ಮಿಲ್ಲಿನಲ್ಲಿ, ಮೊದಲ ಪಾಳಿ, ಬರುವುದು ನಾಲ್ಕಕ್ಕೆ. ನಾನು ಹುಟ್ಟಿದಾಗಿನಿಂದ ಪೊಲೀಸ್ ಚೌಕಿಯ ಮೆಟ್ಟಿಲು ಹತ್ತಿದವಳಲ್ಲ. ಕೊಡ ಇಳಿಸಿದೆ. ವಿಭೂತಿ ಇಟ್ಟುಕೊಂಡು, ಶಿವನೇ ಬಾಯಿ ಬರಲಿ ಎಂದಷ್ಟೇ ಬೇಡಿಕೊಂಡೆ. ಒದ್ದೆ ಬಟ್ಟೆ ಒತ್ತಿ ಕಿಟಕಿಯ ಹಾಳೆ ಹರಿಯದಂತೆ ಬಿಡಿಸಿದೆ. ಮಾಡದ ಡಬ್ಬಿಗಳನ್ನೆಲ್ಲ ನೆಲಕ್ಕಿಳಿಸಿ, ಹಾಸಿದ್ದ ಹಾಳೆಯನ್ನೂ ಎಳೆದುಕೊಂಡೆ. ಆ ವಾರ ಬಿಸ್ಕೀಟಿನ ಡಬ್ಬಿ ನನ್ನ ಹತ್ತಿರವೇ ಇತ್ತು, ಅದನ್ನೂ ಕಂಕುಳಲ್ಲಿಟ್ಟುಕೊಂಡೆ. ಮಗಳನ್ನು ಮಾವಶಿಗೆ ಒಪ್ಪಿಸಿ ನಡೆದೆ.

ಚೌಕಿಯಲ್ಲಿ ಕಾಕಾ ಬೆಂಚಿನ ಮೇಲೆ ಕುಳಿತಿದ್ದರು, ಒಂದು ಮೊಣಕಾಲು ಮೇಲೆತ್ತಿ, ಬರೆಯಲು ಕುಳಿತ ಹಾಗೆಯೇ. ನನ್ನನ್ನು ಕಂಡದ್ದೇ ಸಿಟ್ಟಾದರು.

"ನೀ ಯಾಕ ಬಂದಿ? ನಾ ಹೇಳೀನಿ, ಮುಗದೈತಿ. ಮನಿಗೆ ನಡಿ."

"ನೀವು ಸುಳ್ಳ ಹೇಳೀರಿ ಕಾಕಾ."

"ಈ ವಯಸ್ಸಿನಾಗ ಒಂದು ಹೇಳಿದ್ರ ಏನಾತು? ಒಲಿ ಮ್ಯಾಲ ಏನರೆ ಇಟ್ಟ ಬಂದೀಯೇನು ಮತ್ತ?"

ಫೌಜದಾರರು ಮೇಜು ಬಡಿದು, ಇದೇನು ಭಾಷೆ, ಹಿಂದಿಯಲ್ಲಿ ಹೇಳಿ ಎಂದರು. ನನಗೆ ಗೊತ್ತಿದ್ದ ಹಿಂದಿಯಷ್ಟನ್ನೂ ಒಟ್ಟುಗೂಡಿಸಿದೆ. "ಸಾಬ್, ಮೈ ಲಗಾಯಾ. ನೀಚೇ ಚೂಲಾ ಹೈ. ಅಕ್ಷರ್ ಕೋ ಧುವಾ ನಹೀ ಲಗನಾ." ಹಚ್ಚಿದವಳು ನಾನು, ಕೆಳಗೆ ಒಲೆ, ಅಕ್ಷರಕ್ಕೆ ಹೊಗೆ ತಾಗಬಾರದು ಎಂದು ನಾನು ಹೇಳಹೊರಟದ್ದು ಅವರಿಗೆ ಅರ್ಥವಾಗಲಿಲ್ಲ. ಆಗ ಮಾಡದ ಹಾಳೆಯನ್ನು ಮೇಜಿನ ಮೇಲೆ ಹರವಿದೆ. ಖಾಲಿ ಮೈಯ ಮೇಲೆ ಅರಿಶಿನದ ಕಲೆ, ಎಣ್ಣೆಯ ಉಂಗುರ. ಮಗುಚಿ ತೋರಿಸಿದೆ, ಅಕ್ಷರ ಶುಭ್ರ. ಫೌಜದಾರರು ಬಗ್ಗಿ ನೋಡಿದರು. ಬ್ಯಾಡಗಿ ಮೆಣಸಿನಕಾಯಿಯ ಪುಡಿ ಮೂಗಿಗೆ ಹತ್ತಿ ಒಂದರ ಮೇಲೊಂದು ಏಳು ಸೀನು ಸೀನಿದರು. ಹವಲ್ದಾರ ನಗು ತಡೆಯಲು ಗೋಡೆ ಕಡೆ ತಿರುಗಿದ.

ಪಂಜಾಬಿ ಹಿರಿಯರು ಮೂಲೆಯ ಕುರ್ಚಿಯಲ್ಲಿದ್ದರು. ಅವರಿಗೆ ಇನ್ನೂ ಸಮಾಧಾನವಿರಲಿಲ್ಲ. ಡಬ್ಬಿಯಲ್ಲೇನು ಎಂದು ಕೇಳಿದರು. ಮುಚ್ಚಳ ತೆಗೆದುಕೊಟ್ಟೆ. ಒಂದೊಂದೇ ಚೂರು ಎತ್ತಿ ಓದಿದರು. ಅಲ್ಲಾಹ್ ಎಂದಿದ್ದ ಚೂರು, ರಹೀಮ್ ಎಂದಿದ್ದ ಚೂರು, ಅದರ ಕೆಳಗೆ ನಮ್ಮ ಈಶ್ವರ ಪಾರ್ವತಿ, ಒದ್ದೆಯಾಗಿ ಹರಿದ ಪಂಚಾಂಗ. ಎಲ್ಲ ಒಟ್ಟಿಗೆ ಯಾಕೆ ಎಂದರು. ಕಾಕಾ ಹೇಳಿದರು, "ಸಮುದ್ರಕ್ಕೆ ಹೋಗೋದು ಸಾಹೇಬ್. ನನ್ನ ಕಾಲು ನೋಯುತ್ತದೆ, ಎರಡು ಸಲ ಹೋಗಲಾಗುವುದಿಲ್ಲ."

ಫೌಜದಾರರು ಮೂಗೊರೆಸಿಕೊಂಡು, ಆ ಶಬ್ದದ ಅರ್ಥವೇನೆಂದು ಹೇಳಿಬಿಡಿ ಎಂದರು. ಕಾಕಾ ಮುಚ್ಚುಮರೆ ಮಾಡಲಿಲ್ಲ. ಈಗ ಪತ್ರಿಕೆಯಲ್ಲಿ ಯಾರಿಗೆ ಹಾಗೆನ್ನುತ್ತಾರೆ ಎಂದು ಹೇಳಿದರು. ಹಾಳೆ ಹೋದ ವರ್ಷದ್ದು, ಸುದ್ದಿ ಅರಬರ ದೇಶದ್ದು, ಕೆಳಗಿನ ಸಾಲಿನಲ್ಲಿಯೇ ಇದೆ, ಓದಿಸಿ ನೋಡಿ ಎಂದರು. ಆಮೇಲೆ ಅಜ್ಜನ ಅರ್ಜಿಯ ಮಾತು ಹೇಳಿದರು, ಎಮ್ಮೆಯ ಸಮೇತ.

ಪಂಜಾಬಿ ಹಿರಿಯರು ಹಾಳೆ ಓದಿ, ಕನ್ನಡಕ ತೆಗೆದರು. "ಫಿದ್ವಿ" ಎಂದು ತಮ್ಮಷ್ಟಕ್ಕೆ ಅಂದರು. "ನಮ್ಮ ತಂದೆಯೂ ಹಾಗೆಯೇ ಬರೆಯುತ್ತಿದ್ದರು. ಲಾಹೋರಿನಲ್ಲಿ ಬಿಟ್ಟುಬಂದ ಮನೆಗೆ ಪರಿಹಾರ ಕೊಡಿ ಅಂತ ಬರೆದ ಕೊನೆಯ ಅರ್ಜಿಯಲ್ಲೂ ಅದೇ ಇತ್ತು." ಆಮೇಲೆ ಫೌಜದಾರರ ಕಡೆ ತಿರುಗಿ, "ನನ್ನ ದೂರು ವಾಪಸ್ಸು. ಆದರೆ ಇದನ್ನು ಕಪ್ಪು ಮಾಡಬೇಕು. ಕಾನೂನು ಕಾನೂನೇ" ಎಂದರು.

ಮಧ್ಯಾಹ್ನದ ಹೊತ್ತಿಗೆ ಮೂವರೂ ಒಟ್ಟಿಗೆ ಗಲ್ಲಿಗೆ ಬಂದೆವು. ಮಾವಶಿ ದೃಷ್ಟಿ ತೆಗೆದರು, ಮೂವರಿಗೂ. ಕಾಕಾ ತಮ್ಮ ಮಸಿಯ ಬಟ್ಟಲು ತಂದು, ಆ ಹಾಳೆಯನ್ನು ತಾವೇ ಕಪ್ಪು ಮಾಡಲು ಕುಳಿತರು. ಎಲ್ಲ ಬಳಿದು ಕೊನೆಯ ಬಟ್ಟಲಿನಾಕಾರದ ಅಕ್ಷರಕ್ಕೆ ಬಂದಾಗ ಕೈ ತಡೆಯಿತು. "ಎಷ್ಟು ಛಂದ ಕುಂತಿತ್ತು ನೋಡವಾ ಇದು" ಎಂದರು. ಚೌಕಿಯಲ್ಲಿ ಅಲುಗದವರು ಅಲ್ಲಿ ನಿಜವಾಗಿ ಮರುಗಿದರು.

ನಾನು ಅಂದೆ, "ಕಾಕಾ, ನನ್ನ ಬದಲಿ ನೀವು ಹೋದ್ರಿ. ಆ ಹೆಸರು ನಾ ನಿಮಗ ಇಡ್ತೀನಿ."

"ಹುಚ್ಚಿ" ಅಂದರು, ತಲೆ ಎತ್ತದೆ. "ಚೌಕ್ಯಾಗ ಚಾ ಛೊಲೋ ಕೊಡತಾರ, ಅದಕ್ಕ ಹೋಗಿದ್ದೆ." ಆದರೆ ಲೇಖನಿಯನ್ನು ಉಗುರಿಗೆ ಒತ್ತಿ ಒತ್ತಿ ನೋಡಿದರು, ಆಗ ಬರೆಯುವುದು ಏನೂ ಇರದಿದ್ದರೂ.

ಆಮೇಲೆ ಆರು ವರ್ಷ, ಭಾನುವಾರವೆಂದರೆ ಆ ಪಂಜಾಬಿ ಹಿರಿಯರು ನಮ್ಮ ಗ್ಯಾಲರಿಗೆ ಬರುತ್ತಿದ್ದರು. ಇಡೀ ಗಲ್ಲಿಯಲ್ಲಿ ತಾನು ಓದಬಲ್ಲ ಬರಹ ಇವರದೊಂದೇ ಎನ್ನುತ್ತಿದ್ದರು. ಓದಿ ತಪ್ಪು ಹುಡುಕುತ್ತಿದ್ದರು, ಕಾಕಾ ಜಗಳವಾಡುತ್ತಿದ್ದರು, ನಾನು ಇಬ್ಬರಿಗೂ ಚಹಾ ಮಾಡುತ್ತಿದ್ದೆ, ಒಂದಕ್ಕೆ ಸಕ್ಕರೆ ಇಲ್ಲದೆ. ಡಬ್ಬಿ ತುಂಬಿದರೆ ಈಗ ಇಬ್ಬರೂ ಸಮುದ್ರಕ್ಕೆ ಹೋಗುವರು.

ಈ ಮಳೆಗಾಲ ಕಾಕಾನ ಕಾಲಿನ ಗಾಯ ಮಾಯಲಿಲ್ಲ. ಆಸ್ಪತ್ರೆಗೆ ಸೇರಿದ ಮೇಲೆ ರಮಜಾನು ಬಂತು. ಮೊನ್ನೆ ನೋಡಲು ಹೋದಾಗ ಕೇಳಿದ್ದು ಒಂದೇ ಮಾತು, "ಮುದುಕಿಗೆ ರೊಟ್ಟಿ?" ನಾನು, "ದಿನಾ ಹೊಂಟೈತಿ, ನೀವು ಸುಮ್ಮಕ ಮಕ್ಕೋರಿ" ಅಂದೆ. ಕಣ್ಣು ಮುಚ್ಚಿ ನಕ್ಕರು. ನೋವಿಲ್ಲದೆ ಹೋದರು. ಆ ದಿನ ಕೊನೆಯ ಸಲ ನೋಡಲು ಸಿಕ್ಕರು. ಕಪ್ಪು ಉಗುರಿನ ಆ ಬೆರಳನ್ನು ಹಿಡಿದುಕೊಳ್ಳಲು ಸಿಕ್ಕಿತು. ಮೂರು ಕೃಪೆ.

ಪ್ರೆಸ್ಸಿನವರು ಇನ್ನೂ ಬಾಗಿಲ ಹೊರಗೇ ನಿಂತಿದ್ದರು. ನಾಲ್ಕರ ಹೊತ್ತಿಗೆ ಮಣ್ಣು, ನಿಮ್ಮ ಯಜಮಾನರಿಗೆ ಬರಲು ಹೇಳಿ ಎಂದರು. ಎದುರಿನ ಪಂಜಾಬಿ ಹಿರಿಯರಿಗೆ ಹೇಳಿಯಾಯಿತು, ಅವರು ಆಗಲೇ ಆಸ್ಪತ್ರೆಗೆ ಹೊರಟರು ಎಂದರು. ನನ್ನ ಕೈಯ ಹಿಟ್ಟು ನೋಡಿ, ಮೆಲ್ಲಗೆ, "ಇದು ಚಾಚಾನ ಫಿದ್ಯಾ ರೊಟ್ಟಿಯಲ್ಲವೇ? ಹೋದವರ ಮೇಲೆ ಉಳಿದ ದಿನಗಳ ಭಾರ ಇರುವುದಿಲ್ಲ ಬಹನ್‌ಜೀ. ಇನ್ನು ಮಾಡಬೇಕಾಗಿಲ್ಲ" ಎಂದರು.

ಅವರ ಶಾಸ್ತ್ರ ಅವರಿಗೆ ಗೊತ್ತು. ನಾನು ತಲೆಯಾಡಿಸಿದೆ. ಇವತ್ತು ರಮಜಾನಿನ ಹದಿನೆಂಟನೆಯ ದಿನ.

ಅವರು ಜಿನೆ ಇಳಿದುಹೋದ ಮೇಲೆ ನೋಡಿದರೆ ಹಂಚಿನ ಮೇಲಿನ ರೊಟ್ಟಿ ಕರಿಕಾಗಿತ್ತು. ಅದನ್ನು ನನ್ನ ತಾಟಿನಲ್ಲಿ ಇಟ್ಟುಕೊಂಡೆ. ಮುದುಕಿಯ ಪಾಲಿಗೆ ಬೇರೆ ಹಿಟ್ಟು ತೆಗೆದು, ಬಿಸಿನೀರು ಹಾಕಿ ನಾದತೊಡಗಿದೆ.